ಆ ಪೋಸ್ಟರ್ ನಮ್ಮದು, ಬ್ಯಾಂಡಿನದ್ದಲ್ಲ

ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಬ್ಯಾಂಡಿನ ಹೊಸ ಆಲ್ಬಂ ಈ ಶನಿವಾರ ಮಂಗಳೂರಿನಲ್ಲೇ ಬಿಡುಗಡೆ ಅಂತ ಎರಡು ದಿನದಿಂದ ಒಂದು ಪೋಸ್ಟರ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ಸುಳ್ಳು. ಪೋಸ್ಟರ್ ಮಾಡಿದ್ದು ನಾವೇ.

ಮಂಗಳೂರಿನ ಬಿಜೈಯಲ್ಲಿ ಗೆಳೆಯನ ಮನೆಯ ಟೆರೇಸಿನಲ್ಲಿ ಎಂಟು ಮಂದಿ ಕೂತು ಅವರ ಹಾಡು ಕೇಳೋಣ ಅಂತಿದ್ದೆವು, ಅಷ್ಟೇ. ಸುಮ್ನೆ ತಮಾಷೆಗೆ ಒಂದು ಪೋಸ್ಟರ್ ಮಾಡಿದೆವು. ಮೇಲೆ ಬ್ಯಾಂಡಿನ ಹೆಸರು, ನಡುವೆ ‘ಶನಿವಾರ ಸಂಜೆ 6’, ಕೆಳಗೆ ಸಣ್ಣ ಅಕ್ಷರದಲ್ಲಿ ‘ಗೋಳಿಬಜೆ ಉಂಟು’. ಯಾರೋ ಆ ಕೊನೆಯ ಸಾಲನ್ನು ಕತ್ತರಿಸಿ, ‘ಹೊಸ ಆಲ್ಬಂ’ ಅಂತ ಸೇರಿಸಿ ಕಳಿಸಿದ್ದಾರೆ. ಗೋಳಿಬಜೆ ಉಳಿದಿದ್ದರೆ ಯಾರೂ ನಂಬುತ್ತಿರಲಿಲ್ಲ, ಅಲ್ವಾ?

ಕಾಯುವವರ ಆಸೆ ಅರ್ಥವಾಗುತ್ತದೆ. ದೆಹಲಿಯ ಈ ಬ್ಯಾಂಡಿನ ‘ಬಿಸ್ಮಿಲ್ಲಾ’ ಬಂದದ್ದು 2019ರಲ್ಲಿ. ಆಮೇಲಿನ ಸ್ಟುಡಿಯೋ ಆಲ್ಬಂ ‘ಬೀಟಾ’ ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. ಐದು ವರ್ಷ! ಬ್ಯಾಂಡಿನ ಗಾಯಕ ಸೂರ್ಯಕಾಂತ್ ಸಾಹ್ನಿ ಅವರ ಆ ಆರಾಮದ ದನಿಗಾಗಿ ನಾನಂತೂ ಇನ್ನೈದು ವರ್ಷ ಕಾಯುತ್ತೇನೆ. ಆದರೆ ತಾರೀಕು ಹೇಳಬೇಕಾದವರು ಅವರು, ನಾವಲ್ಲ.

ಉಡುಪಿಯಿಂದ ಮೂವರು ಬಸ್ಸಿನ ಟೈಮ್ ನೋಡಿಕೊಂಡೇ ಫೋನ್ ಮಾಡಿದ್ದರು. ಟಿಕೆಟೂ ಇಲ್ಲ, ಸ್ಟೇಜೂ ಇಲ್ಲ. ಗೋಳಿಬಜೆಗಾದರೆ ಬನ್ನಿ, ಹಿಟ್ಟು ಸ್ವಲ್ಪ ಜಾಸ್ತಿ ಕಲಸುತ್ತೇವೆ.