ಪದಕ ಸರಿ, ಏಪ್ರಿಲ್ 14 ಯಾರಿಗೆ ನೆನಪಿದೆ?

ಪೊಲೀಸರಿಗೂ ಅಗ್ನಿಶಾಮಕ ಸಿಬ್ಬಂದಿಗೂ ಮುಖ್ಯಮಂತ್ರಿ ಪದಕ ಕೊಟ್ಟ ಸುದ್ದಿ ಓದಿ ಖುಷಿಯಾಯಿತು. ಆದರೆ ಇಡೀ ಲೇಖನ ಪೊಲೀಸರದ್ದೇ, ಫೈರ್‌ನವರಿಗೆ ಕೊನೆಯಲ್ಲಿ ಎರಡು ಸಾಲು. ಯಾವಾಗಲೂ ಹೀಗೇ ಅಲ್ವಾ? ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ ಅಂತ ಬಹಳ ಜನಕ್ಕೆ ಗೊತ್ತು. ಏಪ್ರಿಲ್ 14 ಅಂದರೆ ಅಂಬೇಡ್ಕರ್ ಜಯಂತಿ ಮಾತ್ರ ನೆನಪಾಗುತ್ತದೆ. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಮೂಟೆ, ಜೊತೆಗೆ ಮದ್ದುಗುಂಡು. ನೀರು ಹಾಯಿಸುತ್ತಿದ್ದಾಗಲೇ ಹಡಗು ಸಿಡಿಯಿತು. ಸತ್ತ ಅಗ್ನಿಶಾಮಕರೇ 66 ಮಂದಿ. ಈಗಲೂ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಅವರ ನೆನಪಿಗೇ.

ನಮ್ಮೂರಲ್ಲಿ ಒಮ್ಮೆ ಪಾಳುಬಾವಿಗೆ ಹಸು ಬಿದ್ದಿತ್ತು. ಬೆಂಕಿಯೇ ಇಲ್ಲ, ಬರ್ತಾರೋ ಇಲ್ವೋ ಅಂದುಕೊಂಡೇ ಫೈರ್‌ನವರಿಗೆ ಫೋನ್ ಮಾಡಿದ್ದೆವು. ಬಂದರು. ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟರು. ಮೇಲೆ ಬಂದು ಬೂಟು ಬಗ್ಗಿಸಿದರೆ ಕೆಸರು ನೀರು ದಬದಬ ಸುರಿಯಿತು. ಒಂದು ಲೋಟ ಮಜ್ಜಿಗೆ ಕುಡಿದು ಗಾಡಿ ಹತ್ತಿದರು. ಹೆಸರು ಕೇಳೋಕೂ ನಮಗೆ ಹೊಳೆಯಲಿಲ್ಲ.