ಹಿಮ ಮುಚ್ಚದ ದಾರಿ

ಹೋದ ಚಳಿಗಾಲದಲ್ಲಿ ಎರಡು ದಿನ ಬಿಡದೆ ಹಿಮ ಬಿತ್ತು. ಬೆಟ್ಟ ದಾಟುವ ಸ್ನೇಕ್ ಪಾಸ್ ರಸ್ತೆ ಬಂದ್. ಮೂರನೇ ದಿನ ಬಿಸಿಲು ಕಂಡಿದ್ದೇ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೈಲು ಹತ್ತಿ ಈಡೇಲ್ ಹಳ್ಳಿಯಲ್ಲಿ ಇಳಿದೆ. ಎದುರಿಗೆ ಕಿಂಡರ್ ಸ್ಕೌಟ್ ಬೆಟ್ಟ. 636 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರರಲ್ಲೊಂದು ಪಾಲು. ಊರಲ್ಲಿ ಇದನ್ನು ಬೆಟ್ಟ ಅಂದರೆ ನಗುತ್ತಾರೆ. ಹಿಮ ಬಿದ್ದ ಮೇಲೆ ಮಾತ್ರ ಅದರ ಗತ್ತೇ ಬೇರೆ.

ಇಲ್ಲಿಗೆ ಬಂದ ಮೊದಲ ವರ್ಷ ತೆಗೆದ ಫೋಟೋಗಳೆಲ್ಲ ಬೂದಿ ಬಣ್ಣ. ಎಲ್ಲೆಲ್ಲೂ ಬಿಳುಪೇ ಕಂಡರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂದುಕೊಂಡು ತಾನೇ ತಗ್ಗಿಸಿಬಿಡುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದು, ಒಂದೂವರೆ ಸ್ಟಾಪ್ (ಸುಮಾರು ಎರಡು, ಮೂರು ಪಟ್ಟು) ಏರಿಸಿದರೆ ಹಿಮ ಹಿಮದ ಹಾಗೆ ಬರುತ್ತದೆ. ನೆರಳು ನೀಲಿಯಾಗಿ ಕಂಡರೆ ತಿದ್ದಬೇಡಿ, ಅದು ಆಕಾಶದ ಬಣ್ಣ. ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿರಲಿ, ಚಳಿಗೆ ಅದು ಬೇಗ ಕೈಕೊಡುತ್ತದೆ.

ನಾನು ಜಾಸ್ತಿ ತೆಗೆಯುವುದು ಶಿಖರವನ್ನಲ್ಲ, ಗೋಡೆಗಳನ್ನು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು ಬಿಳಿ ಹೊಲದ ಮೇಲೆ ಕಪ್ಪು ಗೆರೆಗಳಾಗಿ ಓಡುತ್ತವೆ. ನಡುನಡುವೆ ದಾಟಲು ಕಲ್ಲಿನ ಮೆಟ್ಟಿಲು. ಮಲೆನಾಡಿನ ಸಾಗರದ ಕಡೆಯವನಾದ ನನಗೆ ಕಂಡ ಕೂಡಲೇ ಬಾಯಿಗೆ ಬಂದ ಮಾತು ತಡಬೆ, ನಮ್ಮಲ್ಲಿ ಬೇಲಿ ದಾಟಲು ಇಡುವ ಮೆಟ್ಟಿಲು. ಕಾಲುದಾರಿ ಹಿಮದಡಿ ಹೂತರೂ ತಡಬೆ ಕಾಣುತ್ತದೆ. ಅಲ್ಲಿಗೆ ಹೋದರೆ ದಾರಿ ಸಿಕ್ಕಿತು.

ಈ ದಾರಿ ಇಲ್ಲಿನವರಿಗೆ ಸುಮ್ನೆ ಸಿಕ್ಕಿದ್ದಲ್ಲ. ಕಿಂಡರ್ ಒಂದು ಕಾಲಕ್ಕೆ ಜಮೀನುದಾರರು ಹಕ್ಕಿ ಬೇಟೆಗೆ ಇಟ್ಟುಕೊಂಡಿದ್ದ, ಹೊರಗಿನವರು ಕಾಲಿಡುವಂತಿಲ್ಲದ ಬೆಟ್ಟ. 1932ರ ಏಪ್ರಿಲ್ 24ರಂದು ನೂರಾರು ಜನ, ಹೆಚ್ಚಿನವರು ದುಡಿಯುವ ಮನೆಗಳ ಹುಡುಗರು, ಬೇಕೆಂದೇ ಒಳಗೆ ನುಗ್ಗಿದರು. ಐವರು ಜೈಲಿಗೆ ಹೋದರು. 1949ರ ಕಾಯ್ದೆ ಕಾಲುದಾರಿಗಳನ್ನು ನಕ್ಷೆಗೆ ಏರಿಸಲು ಹೇಳಿತು. 2000ದ ಕಾಯ್ದೆಯಿಂದ ಬೆಟ್ಟದ ಬಯಲಿನಲ್ಲಿ ದಾರಿ ಬಿಟ್ಟೂ ನಡೆಯಬಹುದು. ಕೆಳಗಿನ ಹೊಲಗಳಲ್ಲಿ ಮಾತ್ರ ದಾರಿ ಬಿಡುವಂತಿಲ್ಲ.

ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿ ಎರಡೂ ಇವೆ. ‘ನಕಾಶೆ ಕಂಡ ದಾರಿ’ ಅನ್ನುವ ಮಾತೇ ಇದೆ. ಆದರೆ ಆ ಮಾತು ಬರುವುದು ಜಗಳ ಕಚೇರಿ ಮುಟ್ಟಿದ ಮೇಲೆ, ಅಲ್ವಾ? ನಾನು ಶಾಲೆಗೆ ಹೋಗುತ್ತಿದ್ದ ತೋಟದ ದಾರಿಗೆ ಈಗ ತಂತಿ ಬೇಲಿ. ಇಲ್ಲಿ ಅಂಥ ದಾರಿ ಅಂಗಡಿಯಲ್ಲಿ ಕೊಳ್ಳುವ ನಕ್ಷೆಯಲ್ಲಿ ಹಸಿರು ಚುಕ್ಕಿಗೆರೆಯಾಗಿ ಇರುತ್ತದೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಮ್ಮ ನಕ್ಷೆಯೂ ಹೀಗೆ ನಡೆಯುವವರ ಜೇಬಿಗೆ ಬರಬೇಕು ಅಂತ ನನ್ನ ಆಸೆ.

ಅವತ್ತು ಒಬ್ಬ ರೈತ ಗೋಡೆಯ ಬುಡದ ಹಿಮಕ್ಕೆ ಉದ್ದದ ಕೋಲು ಚುಚ್ಚುತ್ತಿದ್ದ. ಗಾಳಿಗೆ ಮರೆಯಾಗಿ ನಿಂತ ಕುರಿಗಳು ಅಲ್ಲೇ ಹೂತುಹೋಗುತ್ತವೆ. ನನ್ನ ಕ್ಯಾಮೆರಾ ನೋಡಿದ. "ದಾರಿ ಗೋಡೆಯ ಆ ಕಡೆ" ಅಂದ. ಮತ್ತೆ ಕೋಲು ಚುಚ್ಚತೊಡಗಿದ. ಅಷ್ಟೇ ಮಾತು.

ನಮ್ಮೂರಲ್ಲಾದರೆ ಬೇಲಿ ಹಾಕಿದ ಯಜಮಾನರೇ ಯಾರ ಮನೆಯವರು, ಎಲ್ಲಿಗೆ ಹೊರಟಿದ್ದು ಅಂತ ಕೇಳಿ, "ಆಸರಿಗೆ ಏನು ಬೇಕು", ಅಂದರೆ ಕುಡಿಯಲು ಏನು ಕೊಡಲಿ, ಅನ್ನುತ್ತಿದ್ದರು. ನಾನು ತಡಬೆ ದಾಟಿ, ಗೋಡೆಗೆ ಒರಗಿ, ಫ್ಲಾಸ್ಕಿನಲ್ಲಿ ತಂದಿದ್ದ ಕಾಫಿಯನ್ನು ಒಬ್ಬನೇ ಕುಡಿದೆ.