ಯುಎ 16+, ದೊಡ್ಡಮ್ಮ 78+

ನಮ್ಮ ಬಂಧುವರ್ಗದಲ್ಲಿ ಹೊಡೆದಾಟದ ಸಿನಿಮಾ ಬಿಡುಗಡೆಯಾದರೆ, ಮೊದಲ ದಿನವೇ ಒಬ್ಬನೇ ಹೋಗಿ ನೋಡಿ ಬಂದು, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದೇ ಎಂಬ ವರದಿ ಒಪ್ಪಿಸುವ ಕೆಲಸ ನನ್ನದು. ಈ ಹುದ್ದೆಗೆ ನಾನು ಅರ್ಜಿ ಹಾಕಿದವನಲ್ಲ. ಹೆಂಡತಿ ಮಕ್ಕಳ ತಾಪತ್ರಯವಿಲ್ಲದವನಿಗೆ ಶುಕ್ರವಾರ ಸಂಜೆ ಇನ್ನೇನು ಕೆಲಸವಿರುತ್ತದೆ ಎಂದು ಅತ್ತಿಗೆಯೇ ನನ್ನನ್ನು ನೇಮಿಸಿದರು. ಸಂಬಳವಿಲ್ಲ, ಟಿಕೆಟ್ಟಿನ ದುಡ್ಡೂ ನನ್ನದೇ. ಪ್ರೇಮಕಥೆಗಾಗಲಿ ಹಾಸ್ಯಚಿತ್ರಕ್ಕಾಗಲಿ ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಪೋಸ್ಟರಿನಲ್ಲಿ ನಾಯಕನ ಗಡ್ಡಕ್ಕೆ ರಕ್ತ ಮೆತ್ತಿಕೊಂಡು, ಕೈಯಲ್ಲಿ ಮಚ್ಚೋ ಕೊಡಲಿಯೋ ಇದ್ದು, ಬೆನ್ನ ಹಿಂದೆ ಊರೋ ಗೋದಾಮೋ ಹೊತ್ತಿ ಉರಿಯುತ್ತಿದ್ದರೆ ಮಾತ್ರ ಫೋನು ಬರುತ್ತದೆ. "ನೋಡಿದ್ಯೇನೋ? ಮಕ್ಕಳನ್ನ ಕರ್ಕೊಂಡು ಹೋಗಬಹುದಾ?"

ಇದನ್ನು ತೀರ್ಮಾನಿಸಲು ಸರ್ಕಾರದ ಮಂಡಳಿಯೇ ಇದೆಯಲ್ಲ ಎಂದು ನಾನು ಒಮ್ಮೆ ಅಣ್ಣನ ಮುಂದೆ ವಾದಿಸಿದ್ದುಂಟು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಅಡಿಯಲ್ಲಿ ಮೊದಲು ಎಲ್ಲರಿಗೂ ಯು, ವಯಸ್ಕರಿಗೆ ಎ ಎಂಬ ಎರಡೇ ಪ್ರಮಾಣಪತ್ರಗಳಿದ್ದವು. 1983ರಲ್ಲಿ ಇವುಗಳ ನಡುವೆ, ತಂದೆತಾಯಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಎನ್ನುವ ಯುಎ ಬಂದು ಕೂತಿತು. ಅದೇ ವರ್ಷ ಮಂಡಳಿಯ ಹೆಸರಿನಿಂದ ಸೆನ್ಸಾರ್ ಎಂಬ ಮಾತನ್ನು ತೆಗೆದು ಪ್ರಮಾಣೀಕರಣ ಎಂದು ಸೇರಿಸಿದರೂ, ಗಾಂಧಿನಗರದಿಂದ ಹಿಡಿದು ನಮ್ಮ ಮನೆಯ ಜಗಲಿಯವರೆಗೆ ಎಲ್ಲರೂ ಇಂದಿಗೂ "ಸೆನ್ಸಾರ್ ಆಯ್ತಂತಾ?" ಎಂದೇ ಕೇಳುತ್ತಾರೆ. 2023ರ ತಿದ್ದುಪಡಿಯಲ್ಲಿ ಯುಎಯನ್ನು 7+, 13+, 16+ ಎಂದು ಮೂರಾಗಿ ಸೀಳಲಾಯಿತು. ಎ ಪ್ರಮಾಣಪತ್ರದ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಒಳಗೆ ಬಿಡುವಂತಿಲ್ಲ. ಆದರೆ ಯುಎ ಪಕ್ಕದ ಅಂಕಿ ಇರುವುದು ತಂದೆತಾಯಿಯರ ತಿಳಿವಳಿಕೆಗಾಗಿ ಮಾತ್ರ, ಅದನ್ನು ಜಾರಿಗೆ ತರುವ ಅಧಿಕಾರ ಅವರನ್ನು ಬಿಟ್ಟು ಬೇರೆ ಯಾರಿಗೂ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಗೇಟಿನಲ್ಲಿ ಟಿಕೆಟ್ ಹರಿಯುವವನು ಮಗುವಿನ ವಯಸ್ಸು ಕೇಳುವ ಹಾಗಿಲ್ಲ. ಅಣ್ಣ ಇದನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, "ಸರಿಯಾಯ್ತಲ್ಲ. ಕಾಯ್ದೆ ನಮ್ಮ ಮೇಲೆ ಹಾಕಿದೆ, ನಾವು ನಿನ್ನ ಮೇಲೆ ಹಾಕಿದ್ದೇವೆ" ಎಂದು ಪೇಪರು ಮಡಿಸಿದ.

ಹೊರೆ ಬಿದ್ದ ಮೇಲೆ ಅದನ್ನು ಕ್ರಮವಾಗಿಯೇ ಮಾಡೋಣವೆಂದು ನಾನು ಚಿತ್ರಮಂದಿರದಲ್ಲಿ ಟಿಪ್ಪಣಿ ಮಾಡಿಕೊಳ್ಳತೊಡಗಿದೆ. ಮೊದಲಿಗೆ ಮೊಬೈಲಿನಲ್ಲೇ ಬರೆಯುತ್ತಿದ್ದೆ. ಮೊದಲ ದಿನದ ಅಭಿಮಾನಿಗಳ ನಡುವೆ, ನಾಯಕನ ಪ್ರವೇಶವಾಗಿ ಕಾಗದದ ಚೂರುಗಳು ತಲೆಯ ಮೇಲೆ ಸುರಿಯುತ್ತಿರುವಾಗ, ಒಬ್ಬ ಮನುಷ್ಯ ಮಾತ್ರ ಎದ್ದು ಕುಣಿಯದೆ, ಶಿಳ್ಳೆ ಹಾಕದೆ, ಎದೆಮಟ್ಟದಲ್ಲಿ ಮೊಬೈಲು ಹಿಡಿದು ಗಂಭೀರವಾಗಿ ಪರದೆಯನ್ನು ದಿಟ್ಟಿಸುತ್ತಿದ್ದರೆ ನೋಡುವವರಿಗೆ ಏನನ್ನಿಸಬೇಕೋ ಅದೇ ಅನ್ನಿಸಿತು. ಹಿಂದಿನ ಸಾಲಿನ ಹುಡುಗ, "ಅಣ್ಣಾ, ಇಲ್ಲೊಬ್ಬ ಕಾಪಿ ಹೊಡೀತಿದ್ದಾನೆ!" ಎಂದು ಕೂಗಿದ. ಟಾರ್ಚು ಹಿಡಿದು ಬಂದವರು ನನ್ನ ಮೊಬೈಲನ್ನು ಇಸಿದುಕೊಂಡು ನೋಡಿದಾಗ ಅದರಲ್ಲಿ ವಿಡಿಯೋ ಇರಲಿಲ್ಲ; "ಬಾವಿಯ ಹತ್ತಿರ ಇಬ್ಬರು, ಬಸ್‌ಸ್ಟ್ಯಾಂಡಿನಲ್ಲಿ ಎಂಟು ಜನ, ತಲೆ ಒಂದು (ಪೂರ್ತಿ ಕಾಣುವುದಿಲ್ಲ)" ಎಂಬ ಬರಹವಿತ್ತು. ಅದನ್ನು ಓದಿದ ಮೇಲೆ ಅವರು ನನ್ನನ್ನು ನೋಡಿದ ರೀತಿಗಿಂತ ಪೈರಸಿ ಮಾಡುವವನೆಂಬ ಅನುಮಾನವೇ ಮೇಲಾಗಿತ್ತು. ಯುಎಯನ್ನು ಮೂರಾಗಿ ಸೀಳಿ ನನ್ನ ತಲೆಗೆ ಕಟ್ಟಿದ ಆ 2023ರ ತಿದ್ದುಪಡಿಯೇ, ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ ಮೂರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ ಕನಿಷ್ಠ ಮೂರು ಲಕ್ಷ ರೂಪಾಯಿ ದಂಡವನ್ನೂ ವಿಧಿಸಿದೆ ಎಂಬುದನ್ನು ನಾನು ಮನೆಗೆ ಬಂದು ಓದಿ ತಿಳಿದೆ. ಅಂದಿನಿಂದ ಪೆನ್ನು, ಚೀಟಿ. ಕತ್ತಲಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರೆದುಕೊಂಡ ಆ ಚೀಟಿಗಳನ್ನು ಬೆಳಕಿನಲ್ಲಿ ನನಗೇ ಓದಲಾಗುವುದಿಲ್ಲವಾದರೂ, ಜೇಬಿನಲ್ಲಿದ್ದರೆ ಒಂದು ಧೈರ್ಯ.

ವರದಿ ಒಪ್ಪಿಸುವುದು ಇದಕ್ಕಿಂತ ಕಷ್ಟದ ಕೆಲಸ. ಅತ್ತಿಗೆಗೆ ಬೇಕಾದದ್ದು ಕೆಟ್ಟ ಮಾತುಗಳ ವಿವರ, ಅದನ್ನು ಕೊಡಬೇಕೆಂದರೆ ಆ ಮಾತುಗಳನ್ನು ನಾನು ಅತ್ತಿಗೆಯ ಮುಂದೆ ಹೇಳಬೇಕಾಗುತ್ತದೆ, ಹೇಳದಿದ್ದರೆ "ಅಂಥಾದ್ದೇನು ಅಂದ?" ಎಂದು ಒತ್ತಾಯಿಸುತ್ತಾರೆ. ಅಣ್ಣನಿಗೆ ಪಾರ್ಕಿಂಗ್ ಎಲ್ಲಿ ಎಂಬುದೊಂದೇ ಚಿಂತೆ. ದೊಡ್ಡಮ್ಮನ ಪ್ರಶ್ನೆ ಮಾತ್ರ ಬಹಳ ಕಾಲ ನನಗೆ ಬಗೆಹರಿದಿರಲಿಲ್ಲ. ಅವರು ಹೆಣಗಳ ಸಂಖ್ಯೆ ಕೇಳುವುದಿಲ್ಲ. "ಯಾಕೆ ಹೊಡೀತಾನೆ ಅವನು?" ಎಂದು ಕೇಳುತ್ತಾರೆ.

ತುಮಕೂರು ಸೀಮೆಯ ಹಳ್ಳಿಯಲ್ಲಿ ಬೆಳೆದ ದೊಡ್ಡಮ್ಮ ಚಿಕ್ಕಂದಿನಿಂದಲೂ ಜಾತ್ರೆಗಳಲ್ಲಿ ಇಡೀ ರಾತ್ರಿ ಕುರುಕ್ಷೇತ್ರ ನಾಟಕ ನೋಡಿದವರು. ಭೀಮ ದುಶ್ಶಾಸನನ ಎದೆ ಬಗೆದು ರಕ್ತ ಕುಡಿದದ್ದನ್ನೂ, ಆ ರಕ್ತದ ಕೈಯಲ್ಲಿ ದ್ರೌಪದಿಯ ಮುಡಿ ಕಟ್ಟಿದ್ದನ್ನೂ, ತೊಡೆ ಮುರಿದ ದುರ್ಯೋಧನ ಬಿದ್ದಲ್ಲೇ ಕಂದಪದ್ಯ ಹಾಡಿದ್ದನ್ನೂ ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು, ಕಡಲೆಕಾಯಿ ಬಿಡಿಸುತ್ತಾ ನೋಡಿ, ಬೆಳಗ್ಗೆ ಎದ್ದು ಕೊಟ್ಟಿಗೆ ಗುಡಿಸಿದವರು. ಇಂಥವರ ಮುಂದೆ ಬಸ್‌ಸ್ಟ್ಯಾಂಡಿನ ಎಂಟು ಜನರ ಲೆಕ್ಕ ಯಾವ ಮೂಲೆಗೆ? "ಭೀಮನಿಗೆ ಹದಿಮೂರು ವರ್ಷದ ಸಿಟ್ಟಿತ್ತು ಕಣೋ. ಇವನಿಗೇನಾಗಿದೆ?" ಎನ್ನುತ್ತಾರೆ. 1991ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಅರ್ಥವಿಲ್ಲದ, ತಪ್ಪಿಸಬಹುದಾದ ಹಿಂಸೆ ಮತ್ತು ಕ್ರೌರ್ಯದ ದೃಶ್ಯಗಳಿರಬಾರದು, ಚಿತ್ರವನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟು ಪರಿಣಾಮದಿಂದ ಅಳೆಯಬೇಕು ಎಂದಿದೆ. ದೊಡ್ಡಮ್ಮ ಆ ಮಾರ್ಗಸೂಚಿಯನ್ನು ಓದಿದವರಲ್ಲ. ಆದರೂ ಅವರ ಅಳತೆಗೋಲು ಅದೇ.

ಚಿತ್ರರಂಗದವರಿಗೂ ಇದು ಗೊತ್ತು. ಆದ್ದರಿಂದಲೇ ನಾಯಕನಿಗೆ ಒಬ್ಬ ತಾಯಿ ಕಡ್ಡಾಯ. ಆಕೆ ಹಾಸಿಗೆ ಹಿಡಿದಿರಬೇಕು, ಇಲ್ಲವೇ ಫೋಟೋದಲ್ಲಿರಬೇಕು. ಮೊದಲ ವಾರ ರಕ್ತ ತೋರಿಸಿ ಕರೆಯುವ ಚಿತ್ರದ ಜಾಹೀರಾತಿನಲ್ಲಿ ಎರಡನೇ ವಾರಕ್ಕೆ ಮಚ್ಚು ಮಾಯವಾಗಿ, ತಾಯಿಯ ಮಡಿಲಲ್ಲಿ ತಲೆಯಿಟ್ಟ ನಾಯಕ ಬಂದು, ಕೆಳಗೆ "ಕುಟುಂಬ ಸಮೇತ ನೋಡಿ ಆನಂದಿಸಿ" ಎಂಬ ಸಾಲು ಸೇರಿಕೊಳ್ಳುತ್ತದೆ. ತಾಯಿ ಸೆಂಟಿಮೆಂಟು ಚೆನ್ನಾಗಿದೆ ಎಂದರೆ ನಮ್ಮಲ್ಲಿ ಅರ್ಧ ಪ್ರಮಾಣಪತ್ರ ಸಿಕ್ಕ ಹಾಗೆಯೇ.

ಇಂಥದೇ ಒಂದು ಯುಎ 13+ ಚಿತ್ರಕ್ಕೆ "ದೊಡ್ಡವನು ನೋಡಬಹುದು, ಪುಟ್ಟಿಗೆ ಬೇಡ" ಎಂದು ನಾನು ಸ್ಪಷ್ಟವಾಗಿ ವರದಿ ಕೊಟ್ಟಿದ್ದೆ. ಏಳು ವರ್ಷದ ಪುಟ್ಟಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಉಳಿಯಲು ಒಪ್ಪದ ಕಾರಣ ಅವಳೂ ಬಂದಳು. ಪರದೆಯ ಮೇಲೆ ಎತ್ತೊಂದು ಜನರ ಮೇಲೆ ನುಗ್ಗಿದಾಗ ಮೂಲೆಯಲ್ಲಿ ಸಿಜಿಐ ಎಂಬ ಪುಟ್ಟ ಅಕ್ಷರಗಳು ಮೂಡಿದವು. ಚಿತ್ರೀಕರಣದಲ್ಲಿ ನಿಜವಾದ ಪ್ರಾಣಿಯನ್ನು ಬಳಸಬೇಕೆಂದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕಾದ್ದರಿಂದ, ಇದು ಕಂಪ್ಯೂಟರಿನ ಎತ್ತು ಎಂದು ಹಾಗೆ ಬರೆದು ತಿಳಿಸುತ್ತಾರೆ. ಪುಟ್ಟಿ ಕೇಳಿದಳು, ನಾನು ವಿವರಿಸಿದೆ. ಸ್ವಲ್ಪ ಹೊತ್ತಿಗೆ ನಾಯಕ ಕೊಡಲಿ ಎತ್ತಿದ. ಅವಳು ಮೂಲೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಚಿಕ್ಕಪ್ಪಾ, ಆ ಮಾಮನ ಪಕ್ಕ ಯಾಕೆ ಬರೆದಿಲ್ಲ? ಅವರು ನಿಜವಾಗ್ಲೂ ಸತ್ರಾ?" ಎಂದು ಅವಳು ಕೇಳುವ ಹೊತ್ತಿಗೆ ಸರಿಯಾಗಿ ಸಂಗೀತ ನಿಂತಿತ್ತು. ಐದು ಸಾಲು ಜನ ತಿರುಗಿ ನೋಡಿದರು.

ಅದನ್ನು ನೆನೆದು ಮನೆಯಲ್ಲಿ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಅದೇ ಚಿತ್ರದಲ್ಲಿ, ಕುರ್ಚಿಗೆ ಕಟ್ಟಿಹಾಕಿದ ಒಬ್ಬ ಬಿಟ್ಟುಬಿಡಿ ಎಂದು ಅಂಗಲಾಚುತ್ತಿರುವಾಗ ನಾಯಕ ನಿಧಾನವಾಗಿ ಸಿಗರೇಟು ಹಚ್ಚುವ ದೃಶ್ಯವೊಂದಿತ್ತು. ಕೆಳಗೆ ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ ಬಂತು, ಮೇಲೆ ಶಿಳ್ಳೆಗಳು. ನೂರಾರು ಗುಂಡುಗಳು ಹಾರಿದಾಗಲೂ ನಿಲ್ಲದ ಪುಟ್ಟಿಯ ಕೈ ಪಾಪ್‌ಕಾರ್ನ್ ಡಬ್ಬಿಯೊಳಗೆ ಹಾಗೆಯೇ ನಿಂತುಬಿಟ್ಟಿತ್ತು. ಗುಂಪಿನಲ್ಲಿ ಬೀಳುವವರು ಮಕ್ಕಳಿಗೆ ಲೆಕ್ಕಕ್ಕಿಲ್ಲ. ಮುಖ ಕಾಣುವ ಒಬ್ಬನ ನೋವನ್ನು ಎಳೆದೆಳೆದು ತೋರಿಸಿ, ಅದಕ್ಕೆ ಚಪ್ಪಾಳೆ ಗಿಟ್ಟಿಸುವುದು ಅವರಿಗೆ ತಟ್ಟುತ್ತದೆ. ಆಮೇಲಿಂದ ನಾನು ಹೆಣ ಎಣಿಸುವುದನ್ನು ಬಿಟ್ಟು ಇಂಥದನ್ನಷ್ಟೇ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಟಿವಿಯಲ್ಲಿ ಬಂದ ಮೇಲೆ ನೋಡೋಣ ಎಂಬ ಮಧ್ಯಮ ಮಾರ್ಗವನ್ನೂ ಪ್ರಯತ್ನಿಸಿದ್ದಾಯಿತು. ಎ ಪ್ರಮಾಣಪತ್ರದ ಚಿತ್ರವನ್ನು ಟಿವಿಯಲ್ಲಿ ತೋರಿಸಬೇಕೆಂದರೆ ಅದನ್ನು ಮತ್ತಷ್ಟು ಕತ್ತರಿಸಿ ಕೆಳಗಿನ ದರ್ಜೆಯ ಪ್ರಮಾಣಪತ್ರ ಪಡೆಯಬೇಕು. ಹಾಗೆ ಕತ್ತರಿಸಿದ ಒಂದು ಚಿತ್ರವನ್ನು ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ನೋಡಿದೆವು. ಬೈಗುಳ ಬಂದಲ್ಲೆಲ್ಲ ಧ್ವನಿ ಅಡಗುತ್ತಿತ್ತು. ಪ್ರತಿ ಸಲವೂ ದೊಡ್ಡಮ್ಮ ತಮ್ಮ ಶ್ರವಣಯಂತ್ರವನ್ನು ಬೆರಳಿನಿಂದ ಕುಟ್ಟಿಕೊಂಡು, "ಬ್ಯಾಟರಿ ಹೋಯ್ತು ಅಂತ ಕಾಣುತ್ತೆ, ಈಗ ಏನಂದ ಅವನು?" ಎಂದು ಕೇಳುತ್ತಿದ್ದರು. ತುಟಿಯ ಚಲನೆ ನೋಡಿ ಎಲ್ಲವನ್ನೂ ಅರ್ಥ ಮಾಡಿಕೊಂಡಿದ್ದ ಅಣ್ಣನ ಮಗ ಹೇಳಲು ಬಾಯಿ ತೆರೆಯುತ್ತಿದ್ದ, ಅತ್ತಿಗೆ ಅವನ ಬಾಯಿ ಮುಚ್ಚಿಸುತ್ತಿದ್ದರು. ಖಳನಾಯಕ ಬಹಳ ಕೋಪದ ಮನುಷ್ಯನಾಗಿದ್ದರಿಂದ ಎರಡನೆಯ ಅರ್ಧದಲ್ಲಿ ನಿಜವಾಗಿಯೂ ಒಂದು ಜೊತೆ ಬ್ಯಾಟರಿ ಬದಲಾಯಿಸಿದೆವು.

ಈ ವಾರ ಬಿಡುಗಡೆಯಾಗಿರುವ ಚಿತ್ರ ಯುಎ 16+. ಅಣ್ಣನ ಮಗನಿಗೆ ಹದಿನೈದು ತುಂಬಿ ನಾಲ್ಕು ತಿಂಗಳಾಗಿದೆ. ಅಣ್ಣ ಕ್ಯಾಲೆಂಡರು ಹಿಡಿದು ಕೂತ; ಅತ್ತಿಗೆ ಪರೀಕ್ಷೆಯ ಮಾತೆತ್ತಿದರು. ದೊಡ್ಡಮ್ಮ, ಹದಿನೈದು ತುಂಬಿದೆ ಎಂದರೆ ಹದಿನಾರು ನಡೆಯುತ್ತಿದೆ ಎಂದೇ ಲೆಕ್ಕ, ಜಾತಕಕ್ಕೆ ಆಗುವ ಲೆಕ್ಕ ಸಿನಿಮಾಕ್ಕೆ ಯಾಕಾಗಬಾರದು ಎಂದು ತೀರ್ಪು ಕೊಟ್ಟರು. ನಾನು ಶುಕ್ರವಾರದ ಟಿಕೆಟ್ ತೆಗೆದುಕೊಂಡು ಚೀಟಿ ಹೊಂದಿಸಿಕೊಳ್ಳುತ್ತಿರುವಾಗಲೇ ಅತ್ತಿಗೆಯ ಫೋನು ಬಂತು. "ನೀನು ನೋಡಿ ಹೇಳೋದೇನೂ ಬೇಡ, ಭಾನುವಾರಕ್ಕೆ ನಾಲ್ಕು ಟಿಕೆಟ್ ಬುಕ್ ಆಗಿದೆ. ಪುಟ್ಟಿನ ನೋಡ್ಕೊಳ್ಳೋಕೆ ನೀನು ಮಧ್ಯಾಹ್ನ ಊಟದ ಹೊತ್ತಿಗೇ ಬಂದುಬಿಡು."